ತಲೆಗೆ ಹುಳ ಬಿಡುವ ಪಿಚ್ಚರು

ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ಬಸ್ಸಿನಲ್ಲಿ ಒಂದು ಸಿನಿಮಾದ ವಿಮರ್ಶೆ ಮುಗಿಯಲು ಎರಡು ಸ್ಟಾಪು ಸಾಕು. ‘ಪರ್ವಾಗಿಲ್ಲ, ಒಂದ್ಸಲ ನೋಡ್ಬೋದು’ ಎಂದರೆ ಟಿಕೆಟ್ಟಿನ ಕಾಸು ದಕ್ಕಿತು ಎಂದು ತಿಳಿಯಬೇಕು. ‘ಫೈಟು ಚೆನ್ನಾಗವೆ’ ಎಂದರೆ ಮಿಕ್ಕಿದ್ದನ್ನು ಕೇಳಬಾರದು. ‘ತಲೆಬುಡ ಇಲ್ಲ ಕನಪ್ಪ’ ಎಂದುಬಿಟ್ಟರೆ ಶುಕ್ರವಾರ ಬಂದ ಚಿತ್ರ ಸೋಮವಾರಕ್ಕೆ ಪೋಸ್ಟರ್ ಸಮೇತ ಮಾಯ. ಇವೆಲ್ಲದರ ಆಚೆ ಇನ್ನೊಂದು ತೀರ್ಪಿದೆ. ಅದನ್ನು ಹೇಳುವವನು ಸೀಟಿನ ಅಂಚಿಗೆ ಬಂದು, ಪಕ್ಕದವನ ತೊಡೆ ತಟ್ಟುತ್ತಾನೆ: ‘ತಲೆಗೆ ಹುಳ ಬುಟ್ಟವ್ನೆ ಕನ್ಲಾ ಡೈರೆಕ್ಟ್ರು! ಇನ್ನೊಂದ್ಸಲ ನೋಡ್ಬೇಕು.’

ತಲೆಬುಡ ಇಲ್ಲ ಎಂದವನಿಗೂ ಏನೂ ತಿಳಿದಿಲ್ಲ, ಹುಳ ಬಿಟ್ಟ ಎಂದವನಿಗೂ ತಿಳಿದಿಲ್ಲ. ಆದರೂ ಒಬ್ಬ ಜೇಬು ಕತ್ತರಿಸಿಕೊಂಡವನ ಮುಖ ಮಾಡಿಕೊಂಡು ಬಸ್ಸಿಳಿಯುತ್ತಾನೆ, ಇನ್ನೊಬ್ಬ ನಾಳೆ ಮ್ಯಾಟ್ನಿಗೆ ಜೊತೆ ಹುಡುಕುತ್ತಾನೆ. ಅರ್ಥವಾಗದ ಸಿನಿಮಾ ಕೆಲವೊಮ್ಮೆ ಇಷ್ಟು ರುಚಿ ಯಾಕೆ, ಕೆಲವೊಮ್ಮೆ ಇಷ್ಟು ಹಿಂಸೆ ಯಾಕೆ ಎನ್ನುವುದು ನನ್ನನ್ನು ಬಹಳ ಕಾಲದಿಂದ ಕಾಡಿದೆ. ಕಾಡಿದೆ ಎಂದರೆ ನಿದ್ದೆಗೆಟ್ಟಿದ್ದೇನೆ ಎಂದಲ್ಲ. ಸಂಜೆ ಟೀ ಕುಡಿಯುವಾಗ ನೆನಪಾಗುತ್ತದೆ, ಅಷ್ಟೆ.

1998ರಲ್ಲಿ ಉಪೇಂದ್ರ ಅವರ ‘ಎ’ ಬಂತು. ‘ಬುದ್ಧಿವಂತರಿಗೆ ಮಾತ್ರ’ ಎಂಬ ಒಕ್ಕಣೆ ಅದಕ್ಕಿತ್ತು. ಕನ್ನಡ ಚಿತ್ರರಂಗದಲ್ಲಿ ಇದಕ್ಕಿಂತ ಜಾಣ ವ್ಯಾಪಾರ ನಡೆದದ್ದನ್ನು ನಾನು ಕಂಡಿಲ್ಲ. ನೋಡದಿದ್ದರೆ ದಡ್ಡ, ನೋಡಿ ಅರ್ಥವಾಗಲಿಲ್ಲ ಎಂದರೂ ದಡ್ಡ. ಹಾಗಾಗಿ ನಮ್ಮ ಕಡೆಯ ಹುಡುಗರೆಲ್ಲ ನೋಡಿದರು, ಎಲ್ಲರೂ ಅರ್ಥವಾಯಿತು ಎಂದರು, ಒಬ್ಬೊಬ್ಬರೂ ಒಂದೊಂದು ಕಥೆ ಹೇಳಿದರು. ಸಿನಿಮಾ ಡೈರೆಕ್ಟರೇ ಅದರ ನಾಯಕ. ಪ್ರೀತಿಸಿದವಳು ಕೈಕೊಟ್ಟು ಹಾಳಾಗಿ ಬೀದಿಗೆ ಬಿದ್ದಿದ್ದಾನೆ. ಯಾಕೆ ಹಾಳಾದ ಎನ್ನುವುದನ್ನು ಚಿತ್ರ ಹಿಂದಕ್ಕೆ ಹೆಜ್ಜೆಯಿಟ್ಟು, ಮತ್ತೆ ಮುಂದಕ್ಕೆ ಜಿಗಿದು, ನಡುವೆ ತನ್ನನ್ನೇ ತಾನು ಬೈದುಕೊಂಡು ಹೇಳುತ್ತದೆ.

ನಾನು ಚಿಕ್ಕಪ್ಪನ ಜೊತೆ ಹೋಗಿದ್ದೆ. ಚಿಕ್ಕಪ್ಪ ಟೆಂಟ್ ಸಿನಿಮಾದಲ್ಲಿ ಬೆಳೆದವನು. ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ ಮೈಕಿನಲ್ಲಿ ಕೇಳಿದ ಕೂಡಲೇ ಗದ್ದೆ ಬದುವಿನ ಮೇಲೆ ಓಡಿಹೋಗಿ, ನೆಲದ ಕ್ಲಾಸಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂರುತ್ತಿದ್ದ ಕಾಲದವನು. ಟೆಂಟಿನಲ್ಲಿ ಇದ್ದದ್ದು ಒಂದೇ ಮಷೀನು. ಒಂದು ರೀಲು ಮುಗಿದರೆ ದೀಪ ಹತ್ತಿಸಿ ಇನ್ನೊಂದನ್ನು ಏರಿಸಬೇಕು. ಆಪರೇಟರಿಗೆ ನಿದ್ದೆ ಮಂಪರು ಇದ್ದ ರಾತ್ರಿ ಎಂಟನೆಯ ರೀಲು ಆರನೆಯದಕ್ಕಿಂತ ಮೊದಲೇ ಬಂದು, ಸತ್ತ ವಿಲನ್ ಎದ್ದು ಕುದುರೆ ಏರಿ ಮತ್ತೆ ಸಾಯುತ್ತಿದ್ದನಂತೆ. ಜನ ಶಿಳ್ಳೆ ಹೊಡೆಯುತ್ತಿದ್ದರಂತೆ, ಆದರೆ ಯಾರೂ ಎದ್ದು ಹೋಗುತ್ತಿರಲಿಲ್ಲವಂತೆ. ವಿಲನ್ ಎರಡು ಸಲ ಸತ್ತರೆ ನೋಡುವವರಿಗೆ ನಷ್ಟವೇನು?

‘ಎ’ ಚಿತ್ರದ ಇಂಟರ್ವಲ್ಲಿನಲ್ಲಿ ಚಿಕ್ಕಪ್ಪ ಕಡಲೆಕಾಯಿ ತರಲು ಹೋಗುವ ಬದಲು ನೇರ ಮಷೀನ್ ರೂಮಿನ ಮೆಟ್ಟಿಲು ಹತ್ತಿದ. ಎರಡು ನಿಮಿಷದಲ್ಲಿ ಇಳಿದು ಬಂದ. ಮುಖದಲ್ಲಿ ಅಂಥ ಸಂತೋಷವನ್ನು ನಾನು ಭತ್ತಕ್ಕೆ ಒಳ್ಳೆ ರೇಟು ಬಂದಾಗಲೂ ಕಂಡಿರಲಿಲ್ಲ. ‘ಆಪ್ರೇಟ್ರು ಸರ್ಯಾಗೇ ಬುಟ್ಟವ್ನೆ ಕನ್ಲಾ ಮಗ. ಡಬ್ಬದ ಮ್ಯಾಲೆ ನಂಬ್ರು ತೋರ್ಸ್ದ. ಡೈರೆಕ್ಟ್ರೇ ಬೇಕೂಂತ ಹಿಂದ್ಮುಂದೆ ತಗ್ದವ್ನೆ!’ ಟೆಂಟಿನಲ್ಲಿ ಪುಕ್ಕಟೆ ಸಿಗುತ್ತಿದ್ದ ಎಡವಟ್ಟನ್ನು ಒಬ್ಬ ಲಕ್ಷಗಟ್ಟಲೆ ಖರ್ಚು ಮಾಡಿ, ಬೇಕೆಂದೇ ಮಾಡಿದ್ದಾನೆ ಎನ್ನುವುದು ಅವನಿಗೆ ಭಾರಿ ಹಿಡಿಸಿತು. ಮರುದಿನ ಚಿಕ್ಕಮ್ಮನನ್ನೂ ಕರೆದುಕೊಂಡು ಹೋದ. ಚಿಕ್ಕಮ್ಮನಿಗೆ ಹಿಡಿಸಲಿಲ್ಲ. ಬಾಯಿ ಬಿಟ್ಟರೆ ಹೆಂಗಸರನ್ನು ಬೈಯುವ ಹೀರೋ ಹಿಂದಕ್ಕೆ ಹೋದರೂ ಅಷ್ಟೆ, ಮುಂದಕ್ಕೆ ಬಂದರೂ ಅಷ್ಟೆ ಎಂದಳು. ಆ ಚಿತ್ರದ ಬಗ್ಗೆ ಬಂದ ಎಷ್ಟೋ ವಿಮರ್ಶೆಗಳಿಗಿಂತ ಈ ಮಾತು ಗಟ್ಟಿ ಎಂದು ನನಗೆ ಈಗಲೂ ಅನಿಸುತ್ತದೆ.

ನಾನು ತಲುಪಿರುವ ತೀರ್ಮಾನ ಇಷ್ಟು. ಗೊಂದಲದ ಚಿತ್ರಗಳಲ್ಲಿ ಕೆಲವು ಜಾತ್ರೆ, ಕೆಲವು ಪ್ರಶ್ನೆಪತ್ರಿಕೆ. ಜಾತ್ರೆಯಲ್ಲಿ ದಾರಿ ತಪ್ಪಿದರೆ ಬತ್ತಾಸಿನ ಅಂಗಡಿ ಸಿಗುತ್ತದೆ, ತೇರಿನ ಹಗ್ಗ ಸಿಗುತ್ತದೆ, ಎಲ್ಲಿ ನಿಂತರೂ ಕಣ್ಣಿಗೆ ಕೆಲಸವಿದೆ. ಪ್ರಶ್ನೆಪತ್ರಿಕೆಯಲ್ಲಿ ದಾರಿ ತಪ್ಪಿದರೆ ಹಿಂದೆ ಮೇಷ್ಟ್ರು ನಿಂತಿರುತ್ತಾರೆ. ಉಪೇಂದ್ರರು ಒಳ್ಳೆಯ ಲಯದಲ್ಲಿದ್ದಾಗ ಜಾತ್ರೆ ನಡೆಸುತ್ತಾರೆ, ಉಪದೇಶಕ್ಕೆ ಇಳಿದಾಗ ಬೆತ್ತ ಹಿಡಿಯುತ್ತಾರೆ. ಒಂದೇ ಚಿತ್ರದಲ್ಲಿ ಎರಡೂ ಇರುವುದುಂಟು. 2024ರ ಡಿಸೆಂಬರಿನಲ್ಲಿ ಬಂದ ‘ಯುಐ’ ನೋಡಿ. ಶುರುವಿನಲ್ಲೇ ಬುದ್ಧಿವಂತರಾಗಿದ್ದರೆ ಎದ್ದು ಹೋಗಿ, ದಡ್ಡರಾಗಿದ್ದರೆ ಪೂರ್ತಿ ನೋಡಿ ಎಂಬ ಅರ್ಥದ ಬರಹ ತೆರೆಯ ಮೇಲೆ ಬರುತ್ತದೆ. ಇಪ್ಪತ್ತಾರು ವರ್ಷದ ಕೆಳಗೆ ಬುದ್ಧಿವಂತರನ್ನು ಮಾತ್ರ ಕರೆದಿದ್ದ ಮನುಷ್ಯ ಈಗ ಅವರನ್ನೇ ಆಚೆಗೆ ಅಟ್ಟುತ್ತಾನೆ! ಜನ ಆಗಲೂ ಹೊರಗೆ ಉಳಿಯಲಿಲ್ಲ, ಈಗಲೂ ಎದ್ದು ಹೋಗಲಿಲ್ಲ. ಆ ಚಿತ್ರದ ಒಳಗೆ ‘ಯುಐ’ ಎಂಬ ಚಿತ್ರವೇ ಓಡುತ್ತಿರುತ್ತದೆ. ಅದನ್ನು ನೋಡಿದವರ ತಲೆ ಕೆಟ್ಟಿರುತ್ತದೆ. ವಿಮರ್ಶೆ ಬರೆಯಬೇಕಾದವನು ಬರೆಯಲಾಗದೆ ಒದ್ದಾಡುತ್ತಾನೆ. ಅಲ್ಲಿಯವರೆಗೆ ಸೊಗಸು. ಆಮೇಲೆ ಜಾತಿ, ಧರ್ಮ, ರಾಜಕೀಯ, ಪ್ರಕೃತಿ ಎಂದು ಒಂದೊಂದನ್ನೇ ನಿಲ್ಲಿಸಿಕೊಂಡು ಪಾಠ ಹೇಳತೊಡಗಿದಾಗ ನನಗೆ ಆಕಳಿಕೆ ಬಂತು. ಅರ್ಥವಾಗದ ಕಡೆ ನೆಟ್ಟಗೆ ಕುಳಿತಿದ್ದವನು ಅರ್ಥವಾಗತೊಡಗಿದ ಮೇಲೆ ತೂಕಡಿಸಿದೆ.

ಆ ಚಿತ್ರದ ಹೆಸರು ಪೋಸ್ಟರಿನಲ್ಲಿ ಹಣೆಯ ಮೇಲಿನ ನಾಮದ ಹಾಗೆ ಕಾಣುತ್ತದೆ. ನಮ್ಮ ಪಾಂಡವಪುರ ತಾಲ್ಲೂಕಿನಲ್ಲೇ ಮೇಲುಕೋಟೆ ಇರುವುದರಿಂದ ನಾಮದ ವಿಚಾರದಲ್ಲಿ ನಾವು ಹುಷಾರು. ಟಿಕೆಟ್ ಕೊಳ್ಳುವ ಮೊದಲೇ ನಾಮ ತೋರಿಸಿದ್ದಾನಲ್ಲ, ಪ್ರಾಮಾಣಿಕ ಮನುಷ್ಯ ಎಂದು ನಮ್ಮ ಬಾವ ಮೆಚ್ಚಿಕೊಂಡರು.

‘ನಮ್ಮ ಹಳ್ಳಿ ಕಡೆಯ ಜನಕ್ಕೆ ಇಂಥ ಚಿತ್ರಗಳು ತಿಳಿಯೋಲ್ಲ’ ಎಂದು ಹೇಳುವವರಿದ್ದಾರೆ. ಅವರು ನಮ್ಮ ಕಡೆ ಒಂದು ರಾತ್ರಿ ‘ಕುರುಕ್ಷೇತ್ರ’ ನಾಟಕ ನೋಡಬೇಕು. ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಬೇಸಿಗೆ ಬಂತೆಂದರೆ ಎಲ್ಲಾದರೂ ಒಂದು ಕಡೆ ಸೀನರಿ ಕಟ್ಟಿರುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದಿರುತ್ತಾರೆ. ಪಾತ್ರಧಾರಿಗಳೆಲ್ಲ ಊರಿನವರೇ. ಪಾತ್ರಕ್ಕೆ ದುಡ್ಡು ಕೊಡುವವರೂ ಅವರೇ. ದುರ್ಯೋಧನನಿಗೆ, ಕೃಷ್ಣನಿಗೆ ಹೆಚ್ಚು; ಸೈನಿಕನಿಗೆ ಕಮ್ಮಿ. ಇಷ್ಟು ದೊಡ್ಡ ಪಾತ್ರಕ್ಕೆ ಒಬ್ಬನೇ ಅಷ್ಟು ದುಡ್ಡು ಹಾಕಲಾರ, ರಾತ್ರಿಯಿಡೀ ಒಬ್ಬನ ಗಂಟಲೂ ತಡೆಯಲಾರದು, ಆದ್ದರಿಂದ ಹಂಚಿಕೆ. ಕರಪತ್ರದಲ್ಲೇ ಅಚ್ಚಾಗಿರುತ್ತದೆ: ಒಂದನೇ ಕೃಷ್ಣ ಇಂಥವರು, ಎರಡನೇ ಕೃಷ್ಣ ಇಂಥವರು.

ಒಂದು ಸಲ ಕಿಕ್ಕೇರಿ ಕಡೆಯ ಒಂದು ಊರಿನಲ್ಲಿ ನಾನು ಇಬ್ಬರು ಕೃಷ್ಣರನ್ನು ಕಂಡೆ. ಮೊದಲನೆಯವನು ದಪ್ಪ, ಕುಳ್ಳ, ಕೆನ್ನೆ ತುಂಬ ನೀಲಿ ಬಳಿದುಕೊಂಡು ಪಾರಿಜಾತದ ಮಾತಾಡಿದ. ಸಂಧಾನಕ್ಕೆ ಹೊರಡುವ ಹೊತ್ತಿಗೆ ಎರಡನೆಯವನು ಬಂದ. ಎತ್ತರ, ತೆಳು, ನೀಲಿ ಸಾಲದೆ ಮೊಣಕೈವರೆಗೆ ಮಾತ್ರ ಬಳಿದಿದ್ದರು, ವಾಚು ಬಿಚ್ಚಿದ ಗುರುತು ಬೆಳ್ಳಗೆ ಕಾಣುತ್ತಿತ್ತು. ದನಿಯೂ ಬೇರೆ, ಕಿರೀಟ ಮಾತ್ರ ಅದೇ. ಮೊದಲನೆಯವನ ಬೆವರಿಗೆ ಒದ್ದೆಯಾಗಿದ್ದ ಕಿರೀಟ ಇವನ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತ್ತು. ನನ್ನ ಮುಂದೆ ಚಾಪೆ ಮೇಲೆ ಮಲಗಿದ್ದ ಹುಡುಗನೊಬ್ಬ ಎಚ್ಚರಗೊಂಡು ಕಣ್ಣುಜ್ಜುತ್ತಾ ಕೇಳಿದ: ‘ಅವ್ವ, ಆ ಕೃಷ್ಣ ಎಲ್ಗೋದ?’ ಅವನವ್ವ ತಿರುಗಿಯೂ ನೋಡದೆ ಹೇಳಿದಳು: ‘ಇವ್ನೇ ಕನಪ್ಪ ಅವ್ನು. ಮಲಿಕ್ಕೊ.’ ಹುಡುಗ ಮಲಗಿದ. ಅವನಿಗೆ ಅನುಮಾನ ಉಳಿಯಲಿಲ್ಲ.

ಸ್ಪೇನಿನ ಲೂಯಿ ಬುನ್ಯುಯೆಲ್ 1977ರಲ್ಲಿ ತನ್ನ ಕೊನೆಯ ಚಿತ್ರದಲ್ಲಿ ಒಂದೇ ಹೆಣ್ಣಿನ ಪಾತ್ರಕ್ಕೆ ಇಬ್ಬರು ನಟಿಯರನ್ನು ಹಾಕಿದ. ಒಬ್ಬಳು ಬಾಗಿಲಿನಿಂದ ಒಳಗೆ ಹೋಗುತ್ತಾಳೆ, ಇನ್ನೊಬ್ಬಳು ಹೊರಗೆ ಬರುತ್ತಾಳೆ; ಅವಳನ್ನು ಪ್ರೀತಿಸುವ ಮುದುಕ ಮಾತ್ರ ಏನೂ ಗಮನಿಸುವುದಿಲ್ಲ. ಇದರ ಮೇಲೆ ಪಂಡಿತರು ಬರೆದದ್ದಕ್ಕೆ ಲೆಕ್ಕವಿಲ್ಲ. ಕಿಕ್ಕೇರಿಯ ಆ ತಾಯಿಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. 2007ರಲ್ಲಿ ಅಮೆರಿಕದ ಟಾಡ್ ಹೇನ್ಸ್, ಗಾಯಕ ಬಾಬ್ ಡಿಲನ್ನನ ಜೀವನವನ್ನು ಆರು ಜನರಿಗೆ ಹಂಚಿದ. ಅವರಲ್ಲಿ ಒಬ್ಬಳು ಹೆಂಗಸು, ಒಬ್ಬ ಕಪ್ಪು ಹುಡುಗ. ಆರು ಜನ ಎಂದರೆ ನಮ್ಮ ಕಡೆಯೂ ಸ್ವಲ್ಪ ಜಾಸ್ತಿಯೇ, ಆದರೆ ದೊಡ್ಡ ಊರಾದರೆ ನಡೆಯುತ್ತದೆ.

ಕುರುಕ್ಷೇತ್ರದಲ್ಲಿ ಇನ್ನೂ ಏನೇನೋ ಆಗುತ್ತದೆ. ಭೀಮ ಗದೆ ಎತ್ತಿದ ಹೊತ್ತಿಗೆ ಅವನ ಮಾವನ ಮನೆಯವರು ಬಂದು ನೋಟಿನ ಹಾರ ಹಾಕುತ್ತಾರೆ. ಮೈಕಿನಲ್ಲಿ ಇಂಥವರಿಂದ 101 ರೂಪಾಯಿ ಎಂದು ಕೂಗುತ್ತಾರೆ, ಭೀಮ ಗದೆ ಇಳಿಸಿ ಕೈಮುಗಿದು ಮತ್ತೆ ಎತ್ತುತ್ತಾನೆ. ಸತ್ತ ಅಭಿಮನ್ಯು ‘ಒನ್ಸ್ ಮೋರ್’ ಎಂದರೆ ಎದ್ದು ಹಾಡಿ ಮತ್ತೆ ಸಾಯುತ್ತಾನೆ. ತೊಗಲು ಗೊಂಬೆಯಾಟದಲ್ಲಂತೂ ರಾವಣನ ಆಸ್ಥಾನ ಗಂಭೀರವಾಗಿ ನಡೆಯುತ್ತಿರುವಾಗ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ನುಗ್ಗಿ, ಲಂಕೆಗೂ ತ್ರೇತಾಯುಗಕ್ಕೂ ಸಂಬಂಧವಿಲ್ಲದ ಗಂಡಹೆಂಡಿರ ಜಗಳ ಆಡಿ ಹೋಗುತ್ತಾರೆ. ಇದನ್ನೆಲ್ಲ ಬೆಳಗಿನ ಜಾವದವರೆಗೆ ನೋಡಿ, ಎದ್ದು ಹಾಲು ಕರೆಯಲು ಹೋಗುವ ಜನಕ್ಕೆ ಫ್ಲ್ಯಾಷ್‌ಬ್ಯಾಕಿನೊಳಗೆ ಫ್ಲ್ಯಾಷ್‌ಬ್ಯಾಕ್ ಏನು ಮಹಾ?

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಪರಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವುದು ನಮ್ಮ ಕಡೆಯವರಿಗೆ ಬಿಟ್ಟರೂ ಬಿಡದ ಕರ್ತವ್ಯ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು. ಬಿಸಿಲು ತಾಗದಂತೆ ಪರದೆ ಇಳಿಬಿಟ್ಟಿರುವುದರಿಂದ ಒಳಗೆ ಕಾಲಿಟ್ಟ ಕೂಡಲೇ ಆಟ ಶುರುವಾದ ಮೇಲೆ ಟಾಕೀಸು ಹೊಕ್ಕ ಕತ್ತಲು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧ. ಇಂಗ್ಲಿಷರ ಕೆಂಪು ಕೋಟಿನ ಸಿಪಾಯಿಗಳು ಚೌಕಾಕಾರವಾಗಿ ನಿಂತಿದ್ದಾರೆ, ನಡುವೆ ಮದ್ದಿನ ಗಾಡಿ ಸಿಡಿಯುತ್ತಿದೆ. ಪಲ್ಲಕ್ಕಿಯಲ್ಲಿ ಕರ್ನಲ್ ಬೇಯ್ಲಿ ಗಾಯಗೊಂಡು ಕುಳಿತು, ಬೆರಳನ್ನು ತುಟಿಗೆ ಇಟ್ಟುಕೊಂಡಿದ್ದಾನೆ; ಸೋಲುವುದು ತಿಳಿದುಹೋಗಿದೆ, ಆದರೆ ನಂಬಿಕೆ ಬಂದಿಲ್ಲ ಎನ್ನುವ ಬೆರಳು ಅದು. ಫ್ರೆಂಚರ ಲಾಲಿ ದುರ್ಬೀನು ಹಿಡಿದು ಎಲ್ಲವನ್ನೂ ನೋಡುತ್ತಿದ್ದಾನೆ. ಸುತ್ತ ಕುದುರೆಗಳು, ಕುದುರೆಗಳು, ಒಂದರ ಹಾಗೆ ಇನ್ನೊಂದು. ತಲೆಗಳು ಮುಂಡದಿಂದ ಬೇರೆಯಾಗಿವೆ, ಆದರೆ ಬೀಳಲು ಆತುರವಿಲ್ಲ. ದೂರದವರು ಚಿಕ್ಕವರಲ್ಲ, ಹತ್ತಿರದವರು ದೊಡ್ಡವರಲ್ಲ. ಹೈದರ್, ಟಿಪ್ಪು ಆನೆಯ ಮೇಲೆ ಹೂವು ಮೂಸುವ ನೆಮ್ಮದಿಯಲ್ಲಿದ್ದಾರೆ. ಕಾಳಗ ಶುರುವಾದದ್ದು ಯಾವ ಮೂಲೆಯಲ್ಲಿ, ಮುಗಿದದ್ದು ಯಾವ ಮೂಲೆಯಲ್ಲಿ? ಗೋಡೆ ಹೇಳುವುದಿಲ್ಲ. ತಡವಾಗಿ ಬಂದ ನಿಜಾಮನ ದಂಡಿನ ಹತ್ತಿರ ಒಂದು ಹಸು, ಒಂದು ಹಂದಿ ಇವೆ: ಅವನ್ನು ತೋರಿಸಿ ಗೈಡುಗಳು ನಿಜಾಮನನ್ನು ಗೇಲಿ ಮಾಡಿ ನಗಿಸುತ್ತಾರೆ.

ಇದು ನನ್ನ ಲೆಕ್ಕದಲ್ಲಿ ನಮ್ಮ ಜಿಲ್ಲೆಯ ಮೊದಲ ವಿಚಿತ್ರ ಚಿತ್ರ. ಎಡಿಟಿಂಗ್ ಇಲ್ಲ, ಇಂಟರ್ವಲ್ ಇಲ್ಲ, ಎಲ್ಲ ಕಾಲವೂ ಒಂದೇ ಗೋಡೆಯ ಮೇಲೆ. ಆ ಗೋಡೆಯ ಮುಂದೆ ಸ್ಕೂಲ್ ಟ್ರಿಪ್ಪಿನ ಮಕ್ಕಳಿಂದ ಹಿಡಿದು ಮದುವೆ ಮುಗಿಸಿ ಬಂದ ಗುಂಪಿನವರೆಗೆ ಯಾರೊಬ್ಬರೂ ‘ಅರ್ಥ ಆಗ್ಲಿಲ್ಲ’ ಎಂದದ್ದನ್ನು ನಾನು ಕೇಳಿಲ್ಲ. ‘ಅಗೋ ಅಲ್ನೋಡು, ಇವ್ನ ತಲೆ’ ಎಂದು ಒಬ್ಬರಿಗೊಬ್ಬರು ತೋರಿಸುತ್ತಾ ನಡೆಯುತ್ತಾರೆ. ಇದೇ ಜನ ಟಾಕೀಸಿನಲ್ಲಿ ಕುಳಿತಾಗ ಮಾತ್ರ ಮೊದಲು ಕಥೆ ಏನು ಎಂದು ಕೇಳುವುದು ಯಾಕೆ? ಬಹುಶಃ ಕತ್ತಲೆಯಲ್ಲಿ ಕೂರಿಸಿ, ಎದ್ದು ಓಡಾಡಲು ಬಿಡದೆ, ಡೈರೆಕ್ಟರು ಹೇಳಿದ ಕಡೆಗೇ ನೋಡಬೇಕು ಎನ್ನುವುದರಿಂದ. ಕೈಕಾಲು ಕಟ್ಟಿ ಕೂರಿಸಿದವನು ಕಥೆಯನ್ನಾದರೂ ಹೇಳಲಿ ಎಂಬ ಹಕ್ಕು ಹುಟ್ಟುತ್ತದೆ.

ಕಥೆ ಬೇಕು ಎನ್ನುವುದನ್ನು ನಾನು ಹಗುರ ಮಾಡುತ್ತಿಲ್ಲ. ನಾಗಮಂಗಲದ ನಮ್ಮ ಅತ್ತೆಗೆ ಸಿನಿಮಾ ಎಂದರೆ ಮರುದಿನ ಅವರೇಕಾಯಿ ಸುಲಿಯುವಾಗ ಪಕ್ಕದ ಮನೆಯವರಿಗೆ ಪೂರ್ತಿ ಹೇಳಲು ಬರಬೇಕು. ಅವರ ತಾಲ್ಲೂಕಿನವರೇ ಆದ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಅಮೆರಿಕಾ ಅಮೆರಿಕಾ’ವನ್ನು ಅತ್ತೆ ಎಷ್ಟು ಸಲ, ಎಷ್ಟು ಜನರಿಗೆ ಹೇಳಿದ್ದಾರೋ. ಪ್ರತಿ ಸಲವೂ ಕೊನೆಗೆ ಕಣ್ಣು ಒರೆಸಿಕೊಳ್ಳುತ್ತಾರೆ. ಅಂಥ ಚಿತ್ರ ಮಾಡುವುದು ಹುಳ ಬಿಡುವುದಕ್ಕಿಂತ ಕಷ್ಟ ಎಂದು ನಾನು ನಂಬಿದ್ದೇನೆ. ಪವನ್ ಕುಮಾರ್ ಅವರ ‘ಲೂಸಿಯಾ’ ನೋಡಿ ಬಂದ ಮಾರನೆಯ ದಿನ ಮಾತ್ರ ಅತ್ತೆ ಸೋತರು. ಅರ್ಧಕ್ಕೆ ನಿಲ್ಲಿಸಿ, ‘ನಿದ್ದೆ ಬರ್ದೇ ಇರೋ ಹುಡ್ಗ ಮಾತ್ರೆ ನುಂಗ್ತಾನೆ. ಆಮೇಲೆ ನಿದ್ದೆ ಬತ್ತದೆ. ಆಮೇಲಿಂದು ಯಾವ್ದು ನಿದ್ದೇನೋ ಯಾವ್ದು ಎಚ್ರಾನೋ, ನೀವೇ ನೋಡ್ಕಂಡು ಬನ್ನಿ’ ಎಂದು ಕಾಯಿ ಬುಟ್ಟಿ ಎತ್ತಿಟ್ಟರು. ಅವತ್ತು ಕೇಳಿದವರಲ್ಲಿ ಇಬ್ಬರು ನಿಜಕ್ಕೂ ಹೋಗಿ ನೋಡಿ ಬಂದರು.

‘ಲೂಸಿಯಾ’ 2013ರದ್ದು. ಗಾಂಧಿನಗರದ ನಿರ್ಮಾಪಕರನ್ನು ಬಿಟ್ಟು ನೋಡುಗರಿಂದಲೇ ಹಣ ಕೂಡಿಸಿ ಮಾಡಿದ ಚಿತ್ರ. ನಾಯಕ ಸತೀಶ್ ನೀನಾಸಂ ನಮ್ಮ ಮಂಡ್ಯ ಜಿಲ್ಲೆಯ ಹುಡುಗ. ಹೆಗ್ಗೋಡಿನ ನೀನಾಸಂನಲ್ಲಿ ರಂಗಶಿಕ್ಷಣ ಪಡೆದು ಆ ಸಂಸ್ಥೆಯ ಹೆಸರನ್ನೇ ತನ್ನ ಹೆಸರಿಗೆ ಅಂಟಿಸಿಕೊಂಡವನು. ಹೆಗ್ಗೋಡಿನದೂ ಇದಕ್ಕೆ ಹತ್ತಿರದ ಸಂಗತಿಯೇ: ಕೆ.ವಿ. ಸುಬ್ಬಣ್ಣನವರು ಅಲ್ಲಿ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ಸತ್ಯಜಿತ್ ರಾಯ್, ಕುರೊಸಾವಾರ ಚಿತ್ರಗಳನ್ನು ತೋರಿಸಿದರು. ತಿಳಿಯುತ್ತದೋ ಇಲ್ಲವೋ ಎಂದು ತಾವೇ ಮೊದಲು ತೀರ್ಮಾನ ಮಾಡಿ ಕೂರಲಿಲ್ಲ.

ಸತೀಶ್ ಆ ಚಿತ್ರದಲ್ಲಿ ಟಾಕೀಸಿನಲ್ಲಿ ಟಾರ್ಚು ಬಿಡುವ ನಿಕ್ಕಿ. ತಡವಾಗಿ ಬಂದವರಿಗೆ ಬೆಳಕಿನ ಚುಕ್ಕಿ ತೋರಿಸಿ ಸೀಟು ಹುಡುಕಿಕೊಡುವುದು ಅವನ ಕೆಲಸ. ಮಾತ್ರೆ ನುಂಗಿದ ಮೇಲೆ ಕಪ್ಪುಬಿಳುಪಿನಲ್ಲಿ ಅವನೇ ದೊಡ್ಡ ಸ್ಟಾರು. ಬಡವನ ಬಾಳಿಗೆ ಬಣ್ಣ, ಸ್ಟಾರಿನ ಬಾಳಿಗೆ ಬಣ್ಣವಿಲ್ಲ. ಈ ಒಂದು ಏರ್ಪಾಟಿನಲ್ಲೇ ಚಿತ್ರದ ಗುಟ್ಟೆಲ್ಲ ಕಣ್ಣೆದುರೇ ಇದೆ, ಕೊನೆಯವರೆಗೂ ನಮಗೆ ಹೊಳೆಯುವುದಿಲ್ಲ. ಟಾರ್ಚಿನವನನ್ನು ಕಂಡು ನನಗೆ ಕರುಳು ಚುರುಕ್ ಎಂದಿತು. ನಮ್ಮ ಪೇಟೆಯ ಟಾಕೀಸಿನ ಟಾರ್ಚಿನವನು ಅಷ್ಟು ಚಿತ್ರ ನೋಡಿದವನಲ್ಲ, ಎಲ್ಲ ಚಿತ್ರದ ಮೊದಲ ಹದಿನೈದು ನಿಮಿಷ ಮಾತ್ರ ನೋಡಿದವನು. ಆಮೇಲೆ ಆಚೆ ಬೀಡಿ ಸೇದಲು ಹೋಗುತ್ತಿದ್ದ. ಅವನ ತಲೆಯೊಳಗೆ ಎಷ್ಟು ಕಥೆಗಳು ಮುಗಿಯದೆ ಸುತ್ತುತ್ತಿದ್ದವೋ!

ಲೂಸಿಯಾದ ಹಾಗೆ ಕನಸನ್ನೂ ಎಚ್ಚರವನ್ನೂ ಅದಲುಬದಲು ಮಾಡಿದ ಇನ್ನೊಂದು ಚಿತ್ರ ಡೇವಿಡ್ ಲಿಂಚ್‌ನ 2001ರ ‘ಮಲ್‌ಹಾಲಂಡ್ ಡ್ರೈವ್’. ಅದರ ಡಿವಿಡಿ ಬಂದಾಗ ಗುಟ್ಟು ಬಿಡಿಸಲು ಹತ್ತು ಸುಳಿವುಗಳನ್ನು ಒಂದು ಚೀಟಿಯಲ್ಲಿ ಕೊಟ್ಟಿದ್ದರು. ಸುಳಿವು ಓದಿದ ಮೇಲೆ ಗೊಂದಲ ಹೆಚ್ಚಾಗುವುದು ಅದರ ವಿಶೇಷ. ಮುಕ್ಕಾಲು ಚಿತ್ರವಾದ ಮೇಲೆ ಅದರ ನಾಯಕಿಗೆ ಹೆಸರೇ ಬೇರೆಯಾಗಿಬಿಡುತ್ತದೆ ಎಂದು ಜಗತ್ತು ತಲೆ ಕೆರೆದುಕೊಂಡಿತು. ಪಾಂಡವಪುರದವರಿಗೆ ಇದು ದೊಡ್ಡ ಮಾತಲ್ಲ. ಹಿರೋಡೆಯಾಗಿದ್ದ ನಮ್ಮ ಊರಿನಲ್ಲಿ ಫ್ರೆಂಚರ ದಂಡು ಬೀಡುಬಿಟ್ಟಿತೆಂದು ಇಂಗ್ಲಿಷರ ಬಾಯಲ್ಲಿ ‘ಫ್ರೆಂಚ್ ರಾಕ್ಸ್’ ಆಯಿತು, ಆಮೇಲೆ ಕುಂತಿಬೆಟ್ಟದ ಪಾಂಡವರು ಬಂದು ಪಾಂಡವಪುರವಾಯಿತು. ಅತ್ತಿಕುಪ್ಪೆ ಕೃಷ್ಣರಾಜಪೇಟೆಯಾಯಿತು. ಹೆಸರು ಬದಲಾದ ಮಾತ್ರಕ್ಕೆ ಕಬ್ಬಿನ ಗಾಡಿ ದಾರಿ ತಪ್ಪಲಿಲ್ಲ.

ಆ ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು ‘ಹಗಲುಗನಸುಗಳು’ ಎಂದೇ ತಮ್ಮ ಪ್ರಬಂಧಗಳ ಪುಸ್ತಕಕ್ಕೆ ಹೆಸರಿಟ್ಟರು. ಲಲಿತ ಪ್ರಬಂಧಕ್ಕೆ ಯಾರಾದರೂ ಕಥೆ ಕೇಳಿದ್ದುಂಟೆ? ಕ್ಲೈಮ್ಯಾಕ್ಸ್ ಎಲ್ಲಿ ಎಂದು ಪುಟ ಹಿಂದೆಮುಂದೆ ತಿರುವಿದ್ದುಂಟೆ? ಬರೆಯುವವನ ಜೊತೆ ಹತ್ತು ಹೆಜ್ಜೆ ನಡೆದು, ಮರದ ಕೆಳಗೆ ಕೂತು, ಎದ್ದು ಬರುತ್ತೇವೆ. ಪುಸ್ತಕದಲ್ಲಿ ಈ ಸಲಿಗೆ ಕೊಟ್ಟವರು ಸಿನಿಮಾಕ್ಕೆ ಕೊಡಲು ಜಿಪುಣತನ ಮಾಡುತ್ತೇವೆ. ದುಡ್ಡು ಕೊಟ್ಟಿದ್ದೇವಲ್ಲ ಎಂದರೆ, ಪುಸ್ತಕಕ್ಕೂ ಕೊಟ್ಟಿದ್ದೇವೆ. (ಎರವಲು ತಂದವರ ಮಾತು ಬೇರೆ.)

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಭಾನುವಾರ ಮಧ್ಯಾಹ್ನ ಪ್ರಶಸ್ತಿ ಬಂದ ಪ್ರಾದೇಶಿಕ ಚಿತ್ರಗಳು ಬರುತ್ತಿದ್ದವು. ಊಟವಾದ ಹೊತ್ತು, ಗೊತ್ತಿಲ್ಲದ ಭಾಷೆ, ಬಾವಿಯಿಂದ ನೀರು ಸೇದುವುದಕ್ಕೇ ಐದು ನಿಮಿಷ. ಗಂಡಸರೆಲ್ಲ ಗೊರಕೆಗೆ ಇಳಿಯುತ್ತಿದ್ದರು. ಒಂದು ದಿನ ಜಿ.ವಿ. ಅಯ್ಯರ್ ಅವರ ‘ಆದಿ ಶಂಕರಾಚಾರ್ಯ’ ಬಂತು. 1983ರ ಸಂಸ್ಕೃತ ಚಿತ್ರ. ಅದರಲ್ಲಿ ಬಾಲ ಶಂಕರನ ಜೊತೆಗೆ ಮೃತ್ಯು, ಪ್ರಜ್ಞೆ ಇಬ್ಬರೂ ಮನುಷ್ಯರಾಗಿಯೇ ಓಡಾಡುತ್ತಾರೆ. ನಾನು ಕಾಲೇಜು ಓದುತ್ತಿದ್ದವನು, ಇವರು ಯಾರು, ಶಿಷ್ಯರೋ ನೆಂಟರೋ ಎಂದು ಒದ್ದಾಡುತ್ತಿದ್ದೆ. ಅಕ್ಷರ ಬಾರದ ದೊಡ್ಡವ್ವ ಎಲೆ ಅಡಿಕೆ ಮೆಲ್ಲುತ್ತಾ ಹೇಳಿದಳು: ‘ಅವ್ನು ಸಾವು ಕನ್ಲಾ. ಹುಟ್ದಾಗ್ಲಿಂದ ಜತೇಲೇ ಬತ್ತಾನೆ. ಕಾಣಾಕಿಲ್ವ?’ ಅಷ್ಟು ಹೇಳಿ ಚೀಲದಲ್ಲಿ ಸುಣ್ಣ ಹುಡುಕತೊಡಗಿದಳು.

ಇನ್ನು ನನಗೆ ಸೇರದವು. ಎರಡು ಗಂಟೆ ಬಚ್ಚಿಟ್ಟು, ಕೊನೆಯ ಹತ್ತು ನಿಮಿಷದಲ್ಲಿ ಪೊಲೀಸ್ ಇನ್ಸ್‌ಪೆಕ್ಟರನ್ನೋ ಸೈಕಿಯಾಟ್ರಿಸ್ಟನ್ನೋ ನಿಲ್ಲಿಸಿ ಎಲ್ಲವನ್ನೂ ಬಾಯಿಪಾಠ ಒಪ್ಪಿಸುವ ಚಿತ್ರ. ಗಡಿಯಾರವನ್ನು ಹತ್ತು ಸಲ ತೋರಿಸಿ ಇದರಲ್ಲಿ ಏನೋ ಇದೆ ಎಂದು ಕಣ್ಣು ಹೊಡೆಯುವ ಚಿತ್ರ. ನೋಲನ್ನನ ‘ಟೆನೆಟ್’ ಕೂಡ ನನ್ನ ಮಟ್ಟಿಗೆ ಈ ಸಾಲಿನದೇ: ಗುಂಡು ಹಿಂದಕ್ಕೆ ಬರುವುದು ಚೆನ್ನ, ಯಾಕೆ ಬರುತ್ತದೆ ಎಂದು ಅಷ್ಟು ಜನ ಅಷ್ಟು ಹೊತ್ತು ಹೇಳುವುದು ಶಿಕ್ಷೆ. ಅದಕ್ಕಿಂತ ರೇಜಿಗೆಯೆಂದರೆ, ಚಿತ್ರ ನೋಡಿ ಮನೆ ಸೇರುವ ಮುಂಚೆ ಫೋನಿಗೆ ಬಂದು ಬೀಳುವ ‘ಎಂಡಿಂಗ್ ಎಕ್ಸ್‌ಪ್ಲೇನ್ಡ್’ ವಿಡಿಯೊಗಳು. ಅಕ್ಕನ ಮಗ ಒಬ್ಬ ಇದ್ದಾನೆ; ಅವನು ಮೊದಲು ವಿವರಣೆ ನೋಡಿ ಆಮೇಲೆ ಚಿತ್ರಕ್ಕೆ ಹೋಗುತ್ತಾನೆ. ‘ಅರ್ಥ ಆಗ್ದಿದ್ರೆ ಟೈಮ್ ವೇಸ್ಟು ಮಾವ’ ಎನ್ನುತ್ತಾನೆ. ಟೈಮನ್ನು ವೇಸ್ಟ್ ಮಾಡಲೆಂದೇ ಟಾಕೀಸಿಗೆ ಹೋಗುವ ತಲೆಮಾರಿನವನಾದ ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಕೊನೆಗೆ, ಎಲ್ಲವೂ ಅರ್ಥವಾಗಿ ನಮ್ಮವರಿಗೆ ಗೊಂದಲವಾದ ಚಿತ್ರವೊಂದಿದೆ. ರಾಮ್ ರೆಡ್ಡಿ ನಿರ್ದೇಶಿಸಿದ ‘ತಿಥಿ’. ನೊದೆಕೊಪ್ಪಲಿನ ಈರೇಗೌಡ ಅವರು ನಿರ್ದೇಶಕರ ಜೊತೆ ಕೂತು ಬರೆದದ್ದು, ಮಂಡ್ಯ ಜಿಲ್ಲೆಯ ಹಳ್ಳಿಯವರೇ ನಟಿಸಿದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಚಿನ್ನದ ಚಿರತೆ ಗೆದ್ದು, ಮಾರನೆಯ ವರ್ಷದ ಮೇ ತಿಂಗಳಲ್ಲಿ ನಮ್ಮ ಕಡೆಗೆ ಬಂತು. ಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಛೇಡಿಸುವ ಸೆಂಚುರಿ ಗೌಡ, ಉಚ್ಚೆಗೆ ಎದ್ದವನು ಬಿದ್ದು ಸಾಯುತ್ತಾನೆ. ವಯಸ್ಸು ನೂರ ಒಂದು. ಅವನ ಮಗ ಗಡ್ಡಪ್ಪನಿಗೆ ಯಾವುದರ ಗೊಡವೆಯೂ ಇಲ್ಲ, ಬ್ರಾಂದಿ ಬಾಟಲಿ ಹಿಡಿದು ಹೊಲದ ಬದುವಿನಲ್ಲಿ ನಡೆಯುತ್ತಲೇ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ತಾತನ ಹೆಸರಿನಲ್ಲೇ ಉಳಿದ ಜಮೀನು ಮಾರುವ ಆತುರ. ಹನ್ನೊಂದನೇ ದಿನದ ತಿಥಿಗೆ ಕುರಿ ಬೇಕು, ಸಾಲ ಬೇಕು, ಸಹಿ ಬೇಕು.

ಲೊಕಾರ್ನೊದವರು ಇದರಲ್ಲಿ ಸಾವು ಬದುಕಿನ ತತ್ವ ಕಂಡಿರಬಹುದು. ನಮ್ಮವರು ಕಂಡದ್ದು ಪೌತಿ ಖಾತೆ. ನಾನು ನೋಡಿದ ಆಟದಲ್ಲಿ ತಮ್ಮಣ್ಣ ಕಾಗದ ಹಿಡಿದು ಒಬ್ಬರಿಂದ ಒಬ್ಬರಿಗೆ ಅಲೆಯುವಾಗ ಹಾಲು ಡೈರಿಯಲ್ಲಿ ಮಾತಾಡುವಷ್ಟೇ ಜೋರಾಗಿ ಸಲಹೆಗಳು ಬರುತ್ತಿದ್ದವು: ‘ವಂಶವೃಕ್ಷ ತಗ್ಸಪ್ಪಾ ಮೊದ್ಲು!’ ‘ಗಡ್ಡಪ್ಪುನ್ ಸಹಿ ಇಲ್ದೆ ಆಯ್ತದಾ?’ ಪಕ್ಕದಲ್ಲಿ ಕುಳಿತವರು ನನ್ನನ್ನು ಕೇಳಿದರು: ‘ಅಲ್ಲಾ ಸಾ, ಇದ್ರಲ್ಲಿ ಇರೋದ್ನೆಲ್ಲ ದಿನಾ ನೋಡ್ತೀವಿ. ಇದ್ಕೆ ಯಾಕೆ ಬೌಮಾನ ಕೊಟ್ಟವ್ರೆ?’ ಫೈಟಿಲ್ಲ, ಹಾಡಿಲ್ಲ, ಹೀರೋ ಯಾರು ಗೊತ್ತಿಲ್ಲ; ಆದರೂ ಸೀಟು ಬಿಟ್ಟು ಏಳುತ್ತಿಲ್ಲ, ನಗು ನಿಲ್ಲುತ್ತಿಲ್ಲ. ಇದನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಎದ್ದು ಹೋದವರು ಒಬ್ಬರೇ. ನಮ್ಮ ಮುಂದಿನ ಸಾಲಿನಲ್ಲಿ ಟವೆಲ್ ಹೆಗಲಿಗೆ ಹಾಕಿ ಕುಳಿತಿದ್ದ ಹಿರಿಯರು. ಇಂಟರ್ವಲ್ಲಿಗೆ ಇನ್ನೂ ಹೊತ್ತಿತ್ತು. ಏಳುವಾಗ ಜೊತೆಯ ಹುಡುಗ ಕೈ ಹಿಡಿದು ಕೇಳಿದ, ‘ಯಾಕ್ ತಾತ, ಅರ್ಥ ಆಯ್ತಿಲ್ವಾ?’

‘ಆಯ್ತಾ ಐತೆ ಕನ್ಲಾ, ಅದ್ಕೇ ವೋಯ್ತಾ ಇವ್ನಿ’ ಎಂದರು ಅವರು. ‘ಬೆಳಿಗ್ಗೆ ಎದ್ರೆ ತಾಲ್ಲೂಕಾಪೀಸ್ಗೆ ಇದೇ ಕೆಲ್ಸುಕ್ಕೆ ವೋಗ್ಬೇಕು. ದುಡ್ಡು ಕೊಟ್ಟು ಇಲ್ಲೂ ಅದೇ ನೋಡ್ಲಾ?’